ಸೋಡಿಯಂ ಉಗ್ರನೂ ಅಲ್ಲ, ಉದಾರಿಯೂ ಅಲ್ಲ

ನೀರಿಗೆ ಬಿದ್ದರೆ ಹೊತ್ತಿಕೊಳ್ಳುವ ಲೋಹ ಸೋಡಿಯಂ. ಉಸಿರಿಗೆ ಸಿಕ್ಕರೆ ಶ್ವಾಸಕೋಶವನ್ನು ಸುಡುವ ಅನಿಲ ಕ್ಲೋರಿನ್. ಎರಡೂ ಸೇರಿದರೆ ನಾವು ದಿನಾ ಸಾರಿಗೆ ಹಾಕುವ ಉಪ್ಪು. ಶಾಲೆಯಲ್ಲಿ ಕಲಿತ ರಸಾಯನವಿಜ್ಞಾನವನ್ನೆಲ್ಲ ಮರೆತವರಿಗೂ ಇದೊಂದು ನೆನಪಿರುತ್ತದೆ. ಮುಂಬಯಿಯ ಚೆಂಬೂರಿನಲ್ಲಿ ಹತ್ತನೆಯ ತರಗತಿಯ ಕನ್ನಡ ಮಕ್ಕಳಿಗಾಗಿ ನಡೆದ ರಜಾ ತರಗತಿಯೊಂದರಲ್ಲಿ ಈ ಮಾತು ಬಂದಾಗ, ಹಿಂದೆ ಕುಳಿತಿದ್ದ ಒಬ್ಬ ತಾಯಿ ಕೇಳಿದರು: "ಅಲ್ಲ ಸರ್, ಉಪ್ಪಾದ ಮೇಲೆ ಆ ಬೆಂಕಿ ಗುಣ ಎಲ್ಲಿಗೆ ಹೋಯಿತು? ಒಳಗೇ ಅಡಗಿ ಕೂತಿದೆಯಾ?" ಸೇರಿದ ಮೇಲೆ ಗುಣ ಬದಲಾಗುತ್ತದೆ ಎಂಬುದು ಅವರಿಗೆ ಸಿಕ್ಕ ಉತ್ತರ. ಅವರಿಗೆ ಅದು ಸಾಲಲಿಲ್ಲ, ಸಾಲಬಾರದು ಕೂಡ. ಗುಣ ಬದಲಾಗುತ್ತದೆ ಎಂಬ ಮಾತು ಪ್ರಶ್ನೆಯನ್ನೇ ತಿರುಗಿಸಿ ಹೇಳುತ್ತದೆಯೇ ಹೊರತು ಎಲ್ಲಿಗೆ ಹೋಯಿತು ಎಂಬುದನ್ನು ಹೇಳುವುದಿಲ್ಲ. ಆ ಪ್ರಶ್ನೆಯ ಹಿಂದೆ ನಮ್ಮಲ್ಲಿ ಬಹುಮಂದಿ ಒಪ್ಪಿಕೊಂಡಿರುವ ಒಂದು ನಂಬಿಕೆ ಇದೆ. ಅದನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ನಂಬಿಕೆಯನ್ನು ಅದರ ಪೂರ್ಣ ಬಲದಲ್ಲೇ ಮುಂದಿಡುತ್ತೇನೆ. ಪ್ರತಿ ಧಾತುವಿಗೂ ಒಂದು ಹುಟ್ಟುಗುಣ ಇದೆ. ಆವರ್ತ ಕೋಷ್ಟಕದ ಎಡತುದಿಯ ಒಂದನೆಯ ಗುಂಪು, ಅಂದರೆ ಲಿಥಿಯಂ, ಸೋಡಿಯಂ, ಪೊಟ್ಯಾಸಿಯಂ, ರುಬಿಡಿಯಂ, ಸೀಸಿಯಂ ಇತ್ಯಾದಿ ಕ್ಷಾರ ಲೋಹಗಳ ಹೊರಕವಚದಲ್ಲಿ ಒಂದೇ ಎಲೆಕ್ಟ್ರಾನ್ ಇದೆ. ಬಲಭಾಗದ ಹದಿನೇಳನೆಯ ಗುಂಪು, ಅಂದರೆ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್ ಮೊದಲಾದ ಹ್ಯಾಲೊಜನ್‌ಗಳಿಗೆ ಒಂದೇ ಒಂದು ಎಲೆಕ್ಟ್ರಾನ್ ಕಡಿಮೆ ಇದೆ. ಎರಡು ಗುಂಪುಗಳೂ ಎಂಟು ಎಲೆಕ್ಟ್ರಾನ್‌ಗಳ ತುಂಬುಕವಚವುಳ್ಳ ಜಡಾನಿಲಗಳಂತೆ ಆಗಲು ಹಾತೊರೆಯುತ್ತವೆ: ಮೊದಲನೆಯದು ಕೊಟ್ಟು, ಎರಡನೆಯದು ಕಿತ್ತುಕೊಂಡು. ಸೋಡಿಯಂ ದಾನಶೂರ ಕರ್ಣ ಎಂದು ಬಣ್ಣಿಸಿದ ಮೇಷ್ಟ್ರುಗಳನ್ನು ನಾನೂ ಕೇಳಿದ್ದೇನೆ. ಈ ಹಾತೊರೆತವೇ ಕ್ರಿಯಾಶೀಲತೆ, ಕ್ರಿಯಾಶೀಲತೆಯೇ ಉಗ್ರತೆ, ಉಗ್ರತೆಯೇ ಅಪಾಯ. ಆದ್ದರಿಂದ ಈ ಹೆಸರುಗಳು ಎಲ್ಲಿ ಕಂಡರೂ, ಅದು ಉಪ್ಪಿನ ಪೊಟ್ಟಣವಿರಲಿ, ನಲ್ಲಿ ನೀರಿರಲಿ, ಕಾರ್ಖಾನೆಯ ಫಲಕವಿರಲಿ, ಅಪಾಯ ಅಲ್ಲಿ ಬಯಲಾಗಿಯೋ ಗುಟ್ಟಾಗಿಯೋ ಇದ್ದೇ ಇರುತ್ತದೆ. ಇದು ಅಜ್ಞಾನದಿಂದ ಹುಟ್ಟಿದ ನಂಬಿಕೆ ಅಲ್ಲ. ಪಠ್ಯಪುಸ್ತಕ ಕೊಟ್ಟ ನಿಜವಾದ ಮಾಹಿತಿಯಿಂದಲೇ ಬೆಳೆದದ್ದು. ಕ್ಷಾರ ಲೋಹಗಳನ್ನು ಸೀಮೆಎಣ್ಣೆಯಲ್ಲೋ ಖನಿಜತೈಲದಲ್ಲೋ ಮುಳುಗಿಸಿ ಇಡುತ್ತಾರೆ ಎನ್ನುವುದು ನಿಜ. 1915ರ ಏಪ್ರಿಲ್ 22ರಂದು ಈಪ್ರ್ ರಣರಂಗದಲ್ಲಿ ಜರ್ಮನ್ ಸೇನೆ ಕ್ಲೋರಿನ್ ಬಿಟ್ಟು ಸಾವಿರಾರು ಸೈನಿಕರನ್ನು ಉಸಿರುಗಟ್ಟಿಸಿದ್ದೂ ನಿಜ.

ಚೆಂಬೂರಿನವರಿಗೆ ಈ ನಂಬಿಕೆ ಪುಸ್ತಕದಿಂದ ಮಾತ್ರ ಬಂದದ್ದಲ್ಲ, ಮೂಗಿನಿಂದಲೂ ಬಂದದ್ದು. ಪಕ್ಕದ ಮಾಹುಲ್‌ನಲ್ಲಿ 1954-55ರ ವೇಳೆಗೆ ಎರಡು ತೈಲ ಶುದ್ಧೀಕರಣ ಕಾರ್ಖಾನೆಗಳು ಬಂದವು. ಅದೇ ಕಾಲದಲ್ಲಿ ಟ್ರಾಂಬೆಯಲ್ಲಿ ಪರಮಾಣು ಶಕ್ತಿ ಸಂಸ್ಥೆ ನೆಲೆಯೂರಿತು. 1960ರ ದಶಕದಲ್ಲಿ ರಸಗೊಬ್ಬರ ಕಾರ್ಖಾನೆ ಬಂತು. ಹೋಟೆಲಿನ ಕೆಲಸಕ್ಕೋ ಕಾರ್ಖಾನೆಯ ಕೆಲಸಕ್ಕೋ ದಕ್ಷಿಣ ಕನ್ನಡದಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳು ಎರಡು ಮೂರು ತಲೆಮಾರಿನಿಂದ ಈ ಗಾಳಿಯನ್ನೇ ಉಸಿರಾಡುತ್ತಿವೆ. ಊರಿಗೆ 'ಗ್ಯಾಸ್ ಚೇಂಬರ್' ಎಂಬ ಅಡ್ಡಹೆಸರೇ ಬಿದ್ದಿದೆ. ಇಲ್ಲಿಂದ ದೂರವಲ್ಲದ ಶಿವಡಿಯ ಹಾಜಿ ಬಂದರಿನಲ್ಲಿ 2010ರ ಜುಲೈ 14ರಂದು, ವರ್ಷಗಟ್ಟಲೆ ವಾರಸುದಾರರಿಲ್ಲದೆ ಬಿದ್ದಿದ್ದ ಸಿಲಿಂಡರುಗಳಿಂದ ಕ್ಲೋರಿನ್ ಸೋರಿ ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು. ಇಂಥ ಕಡೆ ಬದುಕುವವರು ಧಾತುಗಳ ಹೆಸರಿಗೆ ಬೆಚ್ಚಿದರೆ ಅದನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ನನ್ನ ತಕರಾರು ಅವರ ಭಯದ ಮೇಲಲ್ಲ. ಆ ಭಯವನ್ನು ತಪ್ಪು ವಿಳಾಸಕ್ಕೆ ಕಳಿಸುತ್ತಿರುವ ನಂಬಿಕೆಯ ಮೇಲೆ.

ಮೊದಲು ಹೆಸರಿನಿಂದ ಶುರುಮಾಡೋಣ. 'ಸೋಡಿಯಂ' ಎಂಬ ಒಂದೇ ಪದವನ್ನು ನಾವು ಮೂರು ಬೇರೆ ಬೇರೆ ವಸ್ತುಗಳಿಗೆ ಬಳಸುತ್ತೇವೆ. ಪ್ರಯೋಗಾಲಯದ ಬಾಟಲಿಯಲ್ಲಿ ಎಣ್ಣೆಯಡಿ ಇರುವ, ಚಾಕುವಿನಿಂದ ಕತ್ತರಿಸಬಹುದಾದ ಮೆದು ಲೋಹ ಒಂದು. ಉಪ್ಪಿನಲ್ಲಿ, ಕಡಲಲ್ಲಿ, ರಕ್ತದಲ್ಲಿ ಇರುವ, ಒಂದು ಎಲೆಕ್ಟ್ರಾನ್ ಕಳೆದುಕೊಂಡ ಅಯಾನ್ ಇನ್ನೊಂದು. ಕೋಷ್ಟಕದ ಹನ್ನೊಂದನೆಯ ಮನೆಯಲ್ಲಿ ಕುಳಿತಿರುವುದು ಮೂರನೆಯದು: ಲೋಹವಾದರೂ ಅಯಾನ್ ಆದರೂ ಬದಲಾಗದೆ ಉಳಿಯುವ, ಬೀಜಕೇಂದ್ರದಲ್ಲಿ ಹನ್ನೊಂದು ಪ್ರೋಟಾನ್‌ಗಳುಳ್ಳ ಧಾತು. ರಕ್ತಪರೀಕ್ಷೆಯ ವರದಿಯಲ್ಲಿ ಸೋಡಿಯಂ 140 ಎಂದಿದ್ದರೆ ಅದು ಎರಡನೆಯದು. ಅದು 135ರಿಂದ 145ರ ನಡುವೆ ಇಲ್ಲದಿದ್ದರೆ ವೈದ್ಯರು ಚಿಂತಿಸುತ್ತಾರೆ. ಆ ಸೋಡಿಯಂ ನೀರಿನಲ್ಲೇ ಇದೆ, ಸದಾ ಇರುತ್ತದೆ, ಎಂದೂ ಹೊತ್ತಿಕೊಳ್ಳುವುದಿಲ್ಲ. ಪಾಲಕ್ ಸೊಪ್ಪಿನಲ್ಲಿ ಕಬ್ಬಿಣ ಇದೆ ಎಂದಾಗ ಯಾರೂ ಮೊಳೆಯನ್ನು ನೆನೆಯುವುದಿಲ್ಲ. ಆದರೆ ಸೋಡಿಯಂ ಎಂದಾಗ ತರಗತಿಯಲ್ಲಿ ಕಂಡ ಕಿಡಿಯೇ ಕಣ್ಣಮುಂದೆ ಬರುತ್ತದೆ, ಯಾಕೆಂದರೆ ಆ ಹೆಸರಿನ ಬೇರೆ ರೂಪವನ್ನು ಆ ಹೆಸರಿನಿಂದ ಕರೆದು ನಮಗೆ ಅಭ್ಯಾಸವಿಲ್ಲ. ಈ ವ್ಯತ್ಯಾಸ ಹೊಸದೇನಲ್ಲ. 1869ರಲ್ಲಿ ಕೋಷ್ಟಕವನ್ನು ಪ್ರಕಟಿಸಿದ ಮೆಂಡೆಲೀವ್ ಸ್ವತಃ 'ಧಾತು' ಬೇರೆ, 'ಸರಳ ವಸ್ತು' ಬೇರೆ ಎಂದು ಒತ್ತಿ ಹೇಳಿದ್ದ. ಇದ್ದಿಲು, ಗ್ರಾಫೈಟ್, ವಜ್ರ ಇವು ಸರಳ ವಸ್ತುಗಳು. ಇಂಗಾಲ ಎಂಬ ಧಾತು ಅವುಗಳಲ್ಲೆಲ್ಲ ಇರುವ, ಅವು ಯಾವುದೂ ಅಲ್ಲದ ಒಂದು. ಅವನು ಕೋಷ್ಟಕದಲ್ಲಿ ಜೋಡಿಸಿದ್ದು ಧಾತುಗಳನ್ನು. ಕಿಡಿ ಹಾರಿಸುವುದು ಸರಳ ವಸ್ತುವಾದ ಲೋಹದ ಗುಣ. ಅದನ್ನು ಹನ್ನೊಂದನೆಯ ಮನೆಗೆ ಅಂಟಿಸಿದರೆ ಆ ಮನೆಯಿಂದ ಹೊರಟ ಪ್ರತಿಯೊಂದಕ್ಕೂ ಕಿಡಿಯ ಆರೋಪ ಹತ್ತುತ್ತದೆ.

ಇನ್ನು ಹಾತೊರೆತದ ಮಾತು. ಇದನ್ನು ಪರೀಕ್ಷಿಸಲು ಮುಂಬಯಿಯವರಿಗೆ ಚೆನ್ನಾಗಿ ಗೊತ್ತಿರುವ ಒಂದು ವಿಧಾನ ಇದೆ, ಜಮಾಖರ್ಚು. 23 ಗ್ರಾಂ ಸೋಡಿಯಂ ಲೋಹ, 35.5 ಗ್ರಾಂ ಕ್ಲೋರಿನ್ ಸೇರಿ 58.5 ಗ್ರಾಂ ಉಪ್ಪಾಗುವ ಲೆಕ್ಕವನ್ನು ಹಂತ ಹಂತವಾಗಿ ಬರೆಯೋಣ.

1. ಗಟ್ಟಿ ಲೋಹವನ್ನು ಬಿಡಿ ಪರಮಾಣುಗಳಾಗಿ ಬೇರ್ಪಡಿಸಲು ಸುಮಾರು 107 ಕಿಲೊಜೂಲ್ ಖರ್ಚು.

2. ಆ ಪರಮಾಣುಗಳಿಂದ ತಲಾ ಒಂದು ಎಲೆಕ್ಟ್ರಾನ್ ಕೀಳಲು 496 ಕಿಲೊಜೂಲ್ ಖರ್ಚು. ದಾನಶೂರನೆಂದು ಹೆಸರಾದ ಸೋಡಿಯಂ ಕೈಯಿಂದ ಅದನ್ನು ಎಳೆದೇ ತೆಗೆಯಬೇಕು.

3. ಜೋಡಿಯಾಗಿರುವ ಕ್ಲೋರಿನ್ ಪರಮಾಣುಗಳನ್ನು ಬಿಡಿಸಲು 121 ಕಿಲೊಜೂಲ್ ಖರ್ಚು.

4. ಕ್ಲೋರಿನ್ ಎಲೆಕ್ಟ್ರಾನನ್ನು ಪಡೆದಾಗ 349 ಕಿಲೊಜೂಲ್ ಜಮಾ.

ಇಲ್ಲಿಗೆ ನಿಲ್ಲಿಸಿದರೆ 724 ಖರ್ಚು, 349 ಜಮಾ. ವ್ಯವಹಾರ 375 ಕಿಲೊಜೂಲ್ ನಷ್ಟದಲ್ಲಿದೆ. ಕೊಡುವವನ ಆಸೆ, ಪಡೆಯುವವನ ಆಸೆ ಎರಡನ್ನೂ ಕೂಡಿಸಿದರೂ ಉಪ್ಪು ಹುಟ್ಟುವುದಿಲ್ಲ. ಜಡಾನಿಲದಂಥ ತುಂಬುಕವಚ ಎರಡಕ್ಕೂ ಆಗಲೇ ಸಿಕ್ಕಿದೆ, ಆದರೂ ನಷ್ಟ. ಲಾಭ ಬರುವುದು ಐದನೆಯ ಹಂತದಲ್ಲಿ: ಧನ ಅಯಾನ್‌ಗಳೂ ಋಣ ಅಯಾನ್‌ಗಳೂ ಒಂದರ ಸುತ್ತ ಒಂದು ಅಚ್ಚುಕಟ್ಟಾಗಿ ಜೋಡಿಕೊಂಡು ಹರಳಾದಾಗ 787 ಕಿಲೊಜೂಲ್ ಹೊರಬರುತ್ತದೆ. ನಷ್ಟವೆಲ್ಲ ತೀರಿ ಸುಮಾರು 411 ಉಳಿಯುತ್ತದೆ. ಅಂದರೆ ಉಪ್ಪನ್ನು ಹುಟ್ಟಿಸುವ ಬಲ ಸೋಡಿಯಂನಲ್ಲೂ ಇಲ್ಲ, ಕ್ಲೋರಿನ್‌ನಲ್ಲೂ ಇಲ್ಲ. ಅವೆರಡರ ನಡುವೆ ಏರ್ಪಡುವ ಸಂಬಂಧದಲ್ಲಿದೆ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಂಟಿ ಸೋಡಿಯಂ ಪರಮಾಣುವಿಗೆ ಇನ್ನೊಂದು ಎಲೆಕ್ಟ್ರಾನ್ ಸೇರಿಸಿದರೆ ಶಕ್ತಿ ಖರ್ಚಾಗುವುದಿಲ್ಲ, 53 ಕಿಲೊಜೂಲ್ ಬಿಡುಗಡೆಯಾಗುತ್ತದೆ. ಒಂಟಿಯಾಗಿ ಬಿಟ್ಟರೆ ಸೋಡಿಯಂ ಕೊಡಲು ಒಲ್ಲದು, ಪಡೆಯಲು ಒಪ್ಪುತ್ತದೆ! 1974ರಲ್ಲಿ ಅಮೆರಿಕದ ಜೇಮ್ಸ್ ಡೈ ಮತ್ತು ಸಂಗಡಿಗರು ಸೋಡಿಯಂ ಋಣ ಅಯಾನ್ ಆಗಿ ಕೂತಿರುವ ಹರಳನ್ನೇ ತಯಾರಿಸಿ ತೋರಿಸಿದರು. ಆಮ್ಲಜನಕದ ಕಥೆ ಇದಕ್ಕಿಂತಲೂ ಸ್ಪಷ್ಟ: ಎರಡು ಎಲೆಕ್ಟ್ರಾನ್ ಪಡೆದು ಎಂಟನ್ನು ತುಂಬಿಸಿಕೊಳ್ಳಲು ಅದು ತವಕಿಸುತ್ತದೆ ಎಂದು ಓದುತ್ತೇವೆ, ಆದರೆ ಎರಡನೆಯ ಎಲೆಕ್ಟ್ರಾನನ್ನು ಅದಕ್ಕೆ ಬಲವಂತವಾಗಿ ತುರುಕಬೇಕು, ಸುತ್ತ ಹರಳಿನ ಆಸರೆ ಇಲ್ಲದಿದ್ದರೆ ಆ ಅಯಾನ್ ನಿಲ್ಲುವುದೇ ಇಲ್ಲ. ಇನ್ನು ಎಲ್ಲರೂ ಆಗಬಯಸುವ ಆದರ್ಶವೆನ್ನಲಾದ ಜಡಾನಿಲಗಳೇ ಆ ಆದರ್ಶಕ್ಕೆ ಬದ್ಧವಾಗಿಲ್ಲ. 1962ರಲ್ಲಿ ನೀಲ್ ಬಾರ್ಟ್ಲೆಟ್ ಕ್ಸೆನಾನ್‌ನ ಸಂಯುಕ್ತವನ್ನು ತಯಾರಿಸಿದ ಮೇಲೆ 'ಜಡ' ಎಂಬ ವಿಶೇಷಣಕ್ಕೇ ಅರ್ಥ ಸಡಿಲವಾಯಿತು.

ಈಗ ಆ ತಾಯಿಯ ಪ್ರಶ್ನೆಗೆ ನೇರ ಉತ್ತರ ಕೊಡಬಹುದು. ಬೆಂಕಿ ಗುಣ ಉಪ್ಪಿನೊಳಗೆ ಅಡಗಿ ಕುಳಿತಿಲ್ಲ. ಸೋಡಿಯಂ ಮತ್ತು ಕ್ಲೋರಿನ್ ಸೇರುವ ಹೊತ್ತಿಗೆ ಅದು ಶಾಖವಾಗಿ, ಹಳದಿ ಬೆಳಕಾಗಿ ಹೊರಗೆ ಹೋಯಿತು. ಆ 411 ಕಿಲೊಜೂಲ್ ಅದೇ. ನಮ್ಮ ಅಡುಗೆಮನೆಯ ಉಪ್ಪಿನ ಮಟ್ಟಿಗೆ ಹೇಳುವುದಾದರೆ ಅದು ಎಂದೂ ಬಂದೇ ಇರಲಿಲ್ಲ. ಭಾಂಡುಪ್, ವಡಾಲಾಗಳ ಮೀಠಾಗರದಲ್ಲಾಗಲಿ ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರದಲ್ಲಾಗಲಿ ಯಾರೂ ಲೋಹಕ್ಕೆ ಅನಿಲ ಬೆರೆಸಿ ಉಪ್ಪು ಮಾಡಲಿಲ್ಲ. ಕಡಲಿನ ನೀರಿನಲ್ಲಿ ಆ ಅಯಾನ್‌ಗಳು ಮೊದಲೇ ಇದ್ದವು, ಬಿಸಿಲು ನೀರನ್ನು ಆರಿಸಿತು, ಅಷ್ಟೆ. ನಿಸರ್ಗದಲ್ಲಿ ಸೋಡಿಯಂ ಲೋಹ ಎಲ್ಲೂ ಸಿಗುವುದಿಲ್ಲ. 1807ರಲ್ಲಿ ಹಂಫ್ರಿ ಡೇವಿ ಕಾಸ್ಟಿಕ್ ಸೋಡಾವನ್ನು ಕರಗಿಸಿ, ಅದರ ಮೂಲಕ ದೊಡ್ಡ ಬ್ಯಾಟರಿಯ ವಿದ್ಯುತ್ತನ್ನು ಹಾಯಿಸಿ ಅದನ್ನು ಮೊದಲ ಬಾರಿಗೆ ಹೊರತೆಗೆದ. ಇಂದಿಗೂ ಕಾರ್ಖಾನೆಯಲ್ಲಿ ಕರಗಿಸಿದ ಉಪ್ಪಿಗೆ ವಿದ್ಯುತ್ ಹಾಯಿಸಿಯೇ ಪಡೆಯುತ್ತಾರೆ. ಹಾಗಾದರೆ ಸೋಡಿಯಂ ಲೋಹದ ಉಗ್ರತೆ ಅದರ ಹುಟ್ಟುಗುಣವಲ್ಲ. ವಿದ್ಯುತ್ತಿನ ರೂಪದಲ್ಲಿ ಮನುಷ್ಯ ಅದಕ್ಕೆ ತುಂಬಿದ ಶಕ್ತಿ, ನೀರು ಸಿಕ್ಕಾಗ ಹಿಂದಿರುಗುತ್ತದೆ. ಕ್ಲೋರಿನ್ ಅನಿಲದ ಮಾತೂ ಇದೇ, ಉಪ್ಪುನೀರಿಗೆ ವಿದ್ಯುತ್ ಹಾಯಿಸಿದಾಗ ಬರುವಂಥದ್ದು ಅದು. ಈ ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಮುಂದೆ ಇದರ ಮೇಲೆಯೇ ಒಂದು ವಾದ ನಿಲ್ಲಲಿದೆ.

ಗುಂಪಿನಲ್ಲಿ ಕೆಳಗಿಳಿದಂತೆ ಉಗ್ರತೆ ಹೆಚ್ಚುತ್ತದೆ ಎಂಬ ಪಾಠವೂ ಅರ್ಧಸತ್ಯ. ಲಿಥಿಯಂ ನೀರಿನಲ್ಲಿ ಮೆಲ್ಲಗೆ ಗುಳ್ಳೆಯಾಡುತ್ತದೆ, ಸೋಡಿಯಂ ಉಂಡೆಯಾಗಿ ಓಡಾಡುತ್ತದೆ, ಪೊಟ್ಯಾಸಿಯಂ ನೇರಳೆ ಜ್ವಾಲೆಯಿಂದ ಉರಿಯುತ್ತದೆ, ಸೀಸಿಯಂ ಮುಟ್ಟಿದ ಕೂಡಲೇ ಸಿಡಿಯುತ್ತದೆ. ಕಣ್ಣಿಗೆ ಕಂಡ ಕ್ರಮ ಇದು, ಸುಳ್ಳಲ್ಲ. ಆದರೆ ಒಂದೊಂದರಲ್ಲೂ ಅಷ್ಟೇ ಸಂಖ್ಯೆಯ ಪರಮಾಣುಗಳು ನೀರಿನೊಂದಿಗೆ ವರ್ತಿಸಿದಾಗ ಒಟ್ಟು ಎಷ್ಟು ಶಾಖ ಬರುತ್ತದೆಂದು ಅಳೆದರೆ ಆ ಕ್ರಮ ಉಳಿಯುವುದಿಲ್ಲ: ಲಿಥಿಯಂಗೆ ಮೋಲ್ ಒಂದಕ್ಕೆ ಸುಮಾರು 222 ಕಿಲೊಜೂಲ್, ಸೋಡಿಯಂಗೆ 184, ಪೊಟ್ಯಾಸಿಯಂಗೆ 197, ಸೀಸಿಯಂಗೆ 203. ಎಲ್ಲಕ್ಕಿಂತ ಸೌಮ್ಯವೆಂದು ಹೆಸರಾದ ಲಿಥಿಯಂ ಎಲ್ಲಕ್ಕಿಂತ ಹೆಚ್ಚು ಶಾಖ ಕೊಡುತ್ತದೆ. ತೂಕದ ಲೆಕ್ಕದಲ್ಲಿ ನೋಡಿದರೆ ಸೀಸಿಯಂಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ವ್ಯತ್ಯಾಸ ಇರುವುದು ಶಾಖದಲ್ಲಲ್ಲ, ವೇಗದಲ್ಲಿ. ಲಿಥಿಯಂ ಕರಗಲು 180 ಡಿಗ್ರಿ ಬೇಕು, ಆದ್ದರಿಂದ ನೀರಿನ ಮೇಲೆ ಗಟ್ಟಿಯಾಗಿಯೇ ಉಳಿದು ನಿಧಾನ ಸವೆಯುತ್ತದೆ. ಸೋಡಿಯಂ 98 ಡಿಗ್ರಿಗೆ ಕರಗುತ್ತದೆ. ಸೀಸಿಯಂಗೆ 28.5 ಡಿಗ್ರಿ ಸಾಕು. ಮುಂಬಯಿಯ ಮೇ ತಿಂಗಳ ಮಧ್ಯಾಹ್ನಕ್ಕೇ ಅದು ದ್ರವ. ಹೊರ ಎಲೆಕ್ಟ್ರಾನ್ ಬೀಜಕೇಂದ್ರದಿಂದ ದೂರವಿದ್ದಷ್ಟೂ ಅದನ್ನು ಕೀಳುವ ಖರ್ಚು ಕಡಿಮೆ ಎಂಬುದೂ ವೇಗಕ್ಕೆ ಒದಗುತ್ತದೆ. ಸಿಡಿತದ ಕಾರಣ ಕೂಡ ನಾವು ಕಲಿತಷ್ಟು ಸರಳವಲ್ಲ. ಹೊರಬಂದ ಹೈಡ್ರೋಜನ್ ಹೊತ್ತಿಕೊಂಡು ಸಿಡಿಯುತ್ತದೆ ಎಂದು ಬಹುಕಾಲ ಹೇಳಲಾಗುತ್ತಿತ್ತು. 2015ರಲ್ಲಿ ಪ್ರಾಗ್ ನಗರದ ಪಾವೆಲ್ ಯುಂಗ್‌ವಿರ್ತ್ ಮತ್ತವರ ಸಂಗಡಿಗರು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದರು: ಲೋಹದಿಂದ ಎಲೆಕ್ಟ್ರಾನ್‌ಗಳು ನೀರಿಗೆ ಹಾರಿದ ಕ್ಷಣಕ್ಕೆ ಉಳಿದ ಧನಾವೇಶದ ಪರಮಾಣುಗಳು ಒಂದನ್ನೊಂದು ದೂಡಿ, ಮಿಲಿಸೆಕೆಂಡಿನೊಳಗೆ ಲೋಹದ ಹನಿ ಮುಳ್ಳುಮುಳ್ಳಾಗಿ ಚಿಮ್ಮುತ್ತದೆ. ಎರಡು ಶತಮಾನಗಳಿಂದ ತರಗತಿಗಳಲ್ಲಿ ತೋರಿಸುತ್ತಾ ಬಂದ ಪ್ರಯೋಗದ ಮೊದಲ ಕ್ಷಣ ಅರ್ಥವಾದದ್ದು ಮೊನ್ನೆ ಮೊನ್ನೆ. 'ಉಗ್ರ ಸ್ವಭಾವ' ಎಂಬ ಉತ್ತರದಲ್ಲಿ ತೃಪ್ತರಾಗಿದ್ದರೆ ಅವರು ಕ್ಯಾಮೆರಾ ಇಡುತ್ತಲೇ ಇರಲಿಲ್ಲ.

ಹ್ಯಾಲೊಜನ್‌ಗಳಲ್ಲೂ ಹೀಗೆಯೇ. ಎಲೆಕ್ಟ್ರಾನಿನ ಆಸೆಯೇ ಅಳತೆಗೋಲಾಗಿದ್ದರೆ ಕ್ಲೋರಿನ್ ಮೊದಲ ಸ್ಥಾನದಲ್ಲಿರಬೇಕಿತ್ತು. ಅದು 349 ಕಿಲೊಜೂಲ್ ಕೊಟ್ಟರೆ ಫ್ಲೋರಿನ್ ಕೊಡುವುದು 328. ಆದರೂ ಎಲ್ಲಕ್ಕಿಂತ ಕ್ರಿಯಾಶೀಲವಾದದ್ದು ಫ್ಲೋರಿನ್. ಅದರ ಎರಡು ಪರಮಾಣುಗಳ ನಡುವಿನ ಬಂಧ ದುರ್ಬಲ, ಬೇರೆಯವುಗಳೊಂದಿಗೆ ಅದು ಕಟ್ಟುವ ಬಂಧ ಬಲು ಗಟ್ಟಿ. ಕಾರಣ ಇರುವುದು ಈ ಅಂತರದಲ್ಲಿ. ಅದೇ ಕಾರಣದಿಂದ ಅದರ ಸಂಯುಕ್ತಗಳು ಕೆಲವೊಮ್ಮೆ ಅತ್ಯಂತ ನಿಶ್ಚಲವಾದವು. ದೋಸೆ ಅಂಟದ ತವಾದ ಟೆಫ್ಲಾನ್ ಲೇಪನ ಫ್ಲೋರಿನ್‌ನ ಸಂಯುಕ್ತ.

ಕೊನೆಯ ಕೊಂಡಿ, ಕ್ರಿಯಾಶೀಲತೆಯೇ ಅಪಾಯ ಎಂಬುದು. ಇದು ಎರಡೂ ದಿಕ್ಕಿನಲ್ಲಿ ಮುರಿಯುತ್ತದೆ. ಪಾವಗಡದ, ಕೋಲಾರದ ಕೊಳವೆಬಾವಿಗಳ ನೀರಿನಲ್ಲಿರುವ ಫ್ಲೋರೈಡ್ ಅಯಾನ್ ಫ್ಲೋರಿನ್ ಅನಿಲದ ಯಾವ ಉಗ್ರತೆಯನ್ನೂ ಉಳಿಸಿಕೊಂಡಿಲ್ಲ. ಆದರೂ ಲೀಟರಿಗೆ 1.5 ಮಿಲಿಗ್ರಾಂ ಮೀರಿ ವರ್ಷಗಟ್ಟಲೆ ಒಳಗೆ ಹೋದರೆ ಹಲ್ಲು ಕಂದಿ, ಕ್ರಮೇಣ ಮೂಳೆ ಬಾಗುತ್ತದೆ. ಪೊಟ್ಯಾಸಿಯಂ ಅಯಾನ್ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ತೀರಾ ಸಪ್ಪೆ ವಸ್ತು, ಎಳನೀರಿನಲ್ಲಿ ಧಾರಾಳವಾಗಿದೆ. ಮೂತ್ರಪಿಂಡ ಸೋತವರ ರಕ್ತದಲ್ಲಿ ಅದರ ಮಟ್ಟ ತೀರಾ ಏರಿದರೆ ಹೃದಯ ನಿಲ್ಲಬಹುದು. ಚೆಂಬೂರಿನವರು ಹೆಚ್ಚು ಗಮನಿಸಬೇಕಾದ ಉದಾಹರಣೆ ಇನ್ನೊಂದಿದೆ. ಮಾಹುಲ್, ಅಂಬಾಪಾಡಾ ಪ್ರದೇಶದ ಗಾಳಿಯ ವಿಷಯದಲ್ಲಿ ನಿವಾಸಿಗಳು ವರ್ಷಗಟ್ಟಲೆ ಹೋರಾಡಿ, 2020ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಿಂದ ಕಂಪನಿಗಳು ಪರಿಹಾರ ತೆರಬೇಕೆಂಬ ಆದೇಶ ಪಡೆದರು. ಅಲ್ಲಿ ಆರೋಪಿ ಸ್ಥಾನದಲ್ಲಿ ನಿಂತದ್ದು ಕ್ಷಾರ ಲೋಹವಲ್ಲ, ಹ್ಯಾಲೊಜನ್ ಅಲ್ಲ. ತೈಲ ಮತ್ತು ರಾಸಾಯನಿಕಗಳ ದಾಸ್ತಾನಿನಿಂದ, ತುಂಬಿಸಿ ಇಳಿಸುವ ಕೆಲಸದಿಂದ ಆವಿಯಾಗಿ ಬರುವ ಸಾವಯವ ಸಂಯುಕ್ತಗಳು. ಆ ವರ್ಗದ ಕುಖ್ಯಾತ ಸದಸ್ಯ ಬೆನ್ಝೀನ್. ಅದರಲ್ಲಿರುವುದು ಇಂಗಾಲ, ಹೈಡ್ರೋಜನ್ ಎರಡೇ. ಪಠ್ಯಪುಸ್ತಕ ಅದನ್ನು ಪರಿಚಯಿಸುವುದು ಅದರ ಅಸಾಮಾನ್ಯ ಸ್ಥಿರತೆಗಾಗಿ. ಸುಲಭವಾಗಿ ವರ್ತಿಸದ ಆ ಅಣು ದೀರ್ಘಕಾಲ ಉಸಿರಿನೊಂದಿಗೆ ಒಳಹೋದರೆ ರಕ್ತದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಉಗ್ರ ಹೆಸರುಗಳನ್ನೇ ಹುಡುಕುವ ಕಣ್ಣಿಗೆ ಬೆನ್ಝೀನ್ ಕಾಣುವುದಿಲ್ಲ.

ಇಷ್ಟಾದ ಮೇಲೆ ಒಂದು ನ್ಯಾಯವಾದ ಪ್ರಶ್ನೆ ಏಳುತ್ತದೆ: ಹಾಗಿದ್ದರೆ ಗುಂಪು ಎಂಬುದಕ್ಕೆ ಏನು ಅರ್ಥ ಉಳಿಯಿತು? ಬಹಳ ಅರ್ಥ ಉಳಿದಿದೆ, ಅದಕ್ಕೆ ಸಾಕ್ಷಿ ಚೆಂಬೂರಿನ ಬೆನ್ನಿಗೇ ಇರುವ ಟ್ರಾಂಬೆಯಲ್ಲಿ ಸಿಗುತ್ತದೆ. ಪರಮಾಣು ಸ್ಥಾವರದ ಇಂಧನದಲ್ಲಿ ಯುರೇನಿಯಂ ಒಡೆದಾಗ ಹುಟ್ಟುವ ಚೂರುಗಳಲ್ಲಿ ಸೀಸಿಯಂ-137, ಸ್ಟ್ರಾನ್ಷಿಯಂ-90, ಅಯೋಡಿನ್-131 ಮುಖ್ಯವಾದವು. ಇವುಗಳ ವಿಕಿರಣ ಬೀಜಕೇಂದ್ರದ ವಿಷಯ, ಅದಕ್ಕೂ ಗುಂಪಿಗೂ ಸಂಬಂಧವಿಲ್ಲ. ಆದರೆ ದೇಹ ಹೊಕ್ಕ ಮೇಲೆ ಅವು ಎಲ್ಲಿಗೆ ಹೋಗುತ್ತವೆ ಎಂಬುದನ್ನು ಬಹುಮಟ್ಟಿಗೆ ಗುಂಪೇ ನಿರ್ಧರಿಸುತ್ತದೆ. ಸೀಸಿಯಂ ತನ್ನ ಗುಂಪಿನ ಪೊಟ್ಯಾಸಿಯಂ ಹಾದಿ ಹಿಡಿದು ಸ್ನಾಯುಗಳಿಗೆ ಹರಡುತ್ತದೆ. ಸ್ಟ್ರಾನ್ಷಿಯಂ ಎರಡನೆಯ ಗುಂಪಿನ ಕ್ಯಾಲ್ಸಿಯಂನಂತೆ ಮೂಳೆ ಸೇರುತ್ತದೆ. ಅಯೋಡಿನ್-131 ಮಾಮೂಲಿ ಅಯೋಡಿನ್‌ನಂತೆಯೇ ಥೈರಾಯ್ಡ್ ಗ್ರಂಥಿಯಲ್ಲಿ ನಿಲ್ಲುತ್ತದೆ. ಗುಂಪು ಎಂದರೆ ಒಂದೇ ಕೋಪದ ಬಂಧುಗಳಲ್ಲ; ಇತರ ವಸ್ತುಗಳೊಂದಿಗೆ ಒಂದೇ ಬಗೆಯ ಸಂಬಂಧ ಏರ್ಪಡಿಸಿಕೊಳ್ಳುವವು. ಸಂಬಂಧ ಬದಲಾದರೆ ಅಪಾಯವೂ ಬದಲಾಗುತ್ತದೆ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲಿ ಪಾಳುಬಿದ್ದ ಚಿಕಿತ್ಸಾ ಯಂತ್ರವೊಂದರಿಂದ ಹೊರಬಿದ್ದ ಸೀಸಿಯಂ ಕ್ಲೋರೈಡ್ ಪುಡಿ ನಾಲ್ವರ ಪ್ರಾಣ ತೆಗೆಯಿತು. ಕ್ಲೋರೈಡ್ ನಮ್ಮ ಉಪ್ಪಿನಂತೆಯೇ ನೀರಿನಲ್ಲಿ ಕರಗುವ ಲವಣ. ಕೈಗೆ, ಅನ್ನಕ್ಕೆ, ಮಣ್ಣಿಗೆ ಹತ್ತುತ್ತಾ ಹೋಯಿತು. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಪರಮಾಣು ತ್ಯಾಜ್ಯದಿಂದ ಅದೇ ಸೀಸಿಯಂ-137ನ್ನು ಬೇರ್ಪಡಿಸಿ, ಗಾಜಿನೊಳಗೆ ಬೆಸೆದು, ಉಕ್ಕಿನ ಕೊಳವೆಯಲ್ಲಿ ಮುಚ್ಚಿ, ರೋಗಿಗಳಿಗೆ ಕೊಡುವ ರಕ್ತವನ್ನು ವಿಕಿರಣದಿಂದ ಸಂಸ್ಕರಿಸುವ ಯಂತ್ರಗಳಿಗೆ ಒದಗಿಸುತ್ತಾರೆ. ಬೀಜಕೇಂದ್ರ ಅದೇ, ವಿಕಿರಣ ಅದೇ, 30 ವರ್ಷದ ಅರ್ಧಾಯು ಅದೇ. ಲವಣದಿಂದ ಗಾಜಿಗೆ ರೂಪ ಬದಲಾದದ್ದರಿಂದ ಒಡೆದರೂ ಪುಡಿಯಂತೆ ಹರಡದು, ನೆನೆದರೂ ಕರಗಿ ಹೋಗದು.

ಆಕ್ಷೇಪಗಳನ್ನು ಎದುರಿಸದೆ ಮುಗಿಸಲಾರೆ. ಶಿಕ್ಷಕರು ಹೇಳಬಹುದು: ಪರಮಾಣು ಹಾತೊರೆಯುತ್ತದೆ ಎನ್ನುವುದು ಮಕ್ಕಳಿಗೆ ತಿಳಿಯಲೆಂದು ಬಳಸುವ ಅಲಂಕಾರ, ಅದನ್ನು ಅಕ್ಷರಶಃ ಹಿಡಿಯುವುದು ಅನ್ಯಾಯ. ಅಲಂಕಾರಕ್ಕೆ ನನ್ನ ವಿರೋಧವಿಲ್ಲ. ಅದು ಸರಿಯಾದ ಉತ್ತರದ ಕಡೆಗೆ ಕರೆದೊಯ್ದರೆ ಇರಲಿ. ಈ ಅಲಂಕಾರ ಒಯ್ಯುವುದು ವಿರುದ್ಧ ದಿಕ್ಕಿಗೆ. ಆಸೆ ಪರಮಾಣುವಿನ ಒಳಗಿದೆ ಎಂದು ಕಲಿತ ಮಗುವಿಗೆ ಹರಳಿನ ಶಕ್ತಿ ಲೆಕ್ಕಕ್ಕೇ ಬರುವುದಿಲ್ಲ, ಲಿಥಿಯಂ ಅರ್ಥವಾಗುವುದಿಲ್ಲ, ಉಪ್ಪು ಪವಾಡವಾಗಿಯೇ ಉಳಿಯುತ್ತದೆ. ದೂರವಿದ್ದಾಗ ನಷ್ಟ, ಸೇರಿದಾಗ ಲಾಭ ಎಂದು ಹೇಳಿಕೊಡುವುದು ಕರ್ಣನ ಕಥೆಗಿಂತ ಕಷ್ಟವೇನಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರ: ಹೆಸರಿಗೆ ಹೆದರಿದರೆ ಕೆಡುವುದೇನು, ಎಚ್ಚರ ಹೆಚ್ಚಾದರೆ ಒಳ್ಳೆಯದೇ ಅಲ್ಲವೆ? ಅಲ್ಲ; ತಪ್ಪು ಭಯಕ್ಕೂ ಬೆಲೆ ತೆರಬೇಕಾಗುತ್ತದೆ. 'ಕೆಮಿಕಲ್ ಇಲ್ಲದ ಉಪ್ಪು' ಎಂದು ಅಯೋಡಿನ್ ಸೇರಿಸಿದ ಉಪ್ಪನ್ನು ಬಿಟ್ಟು ಸೈಂಧವ ಲವಣಕ್ಕೆ ಹೋಗುವವರನ್ನು ನೋಡುತ್ತಿದ್ದೇನೆ. ಸೈಂಧವವೂ ಬಹುಪಾಲು ಸೋಡಿಯಂ ಕ್ಲೋರೈಡ್. ಅದರಲ್ಲಿ ಇಲ್ಲದ್ದು ಗಳಗಂಡವನ್ನು ತಡೆಯುವಷ್ಟು ಅಯೋಡಿನ್. ಬಸಿರಿನಲ್ಲಿರುವ ಮಗುವಿನ ಮಿದುಳಿಗೆ ಆ ಅಯೋಡಿನ್ ಬೇಕು. ನಲ್ಲಿ ನೀರಿನ ಕ್ಲೋರಿನ್ ವಾಸನೆಗೆ ಹೆದರುವವರೂ ಇದ್ದಾರೆ. ನೀರಿಗೆ ಬೆರೆತ ಕ್ಲೋರಿನ್ ಹೈಪೊಕ್ಲೋರಸ್ ಆಮ್ಲವಾಗುತ್ತದೆ; ನಮ್ಮ ಬಿಳಿ ರಕ್ತಕಣಗಳು ರೋಗಾಣುಗಳನ್ನು ಕೊಲ್ಲಲು ತಾವೇ ತಯಾರಿಸಿಕೊಳ್ಳುವುದು ಅದನ್ನೇ. ಸಾವಯವ ಕಶ್ಮಲ ಹೆಚ್ಚಿದ್ದರೆ ಕ್ಲೋರಿನ್‌ನಿಂದ ಹಾನಿಕರ ಉಪವಸ್ತುಗಳು ಹುಟ್ಟುತ್ತವೆ ಎಂಬುದು ನಿಜ, ಅವುಗಳನ್ನು ಮಿತಿಯಲ್ಲಿಡುವುದು ಶುದ್ಧೀಕರಣ ಘಟಕದ ಹೊಣೆ. ಆದರೆ ಪೈಪು ಚರಂಡಿಯ ಪಕ್ಕದಲ್ಲೇ ಹಾದುಹೋಗುವ ಬಸ್ತಿಯಲ್ಲಿ, ಕೊನೆಯ ನಲ್ಲಿಯ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೋ ಇಲ್ಲವೋ ಎಂಬುದು ಕೂಸುಗಳ ಜೀವದ ಪ್ರಶ್ನೆ. ಇದಕ್ಕಿಂತ ದೊಡ್ಡ ನಷ್ಟ ಬೇರೆಯೇ ಇದೆ. ಉಗ್ರತೆ ಧಾತುವಿನ ಸ್ವಭಾವ ಎಂದು ಒಪ್ಪಿಕೊಂಡರೆ ಅವಘಡವಾದಾಗ ತಪ್ಪು ಧಾತುವಿನದ್ದಾಗುತ್ತದೆ. ಕ್ಲೋರಿನ್ ಅಲ್ಲವೇ, ಅದರ ಗುಣವೇ ಹಾಗೆ ಎನ್ನುತ್ತೇವೆ. ಶಿವಡಿಯಲ್ಲಿ ಜನ ಕೆಮ್ಮುತ್ತಾ ಬಿದ್ದದ್ದು ಹದಿನೇಳನೆಯ ಗುಂಪಿನ ಸ್ವಭಾವದಿಂದಲ್ಲ. ವಿದ್ಯುತ್ ಖರ್ಚುಮಾಡಿ ಮನುಷ್ಯರು ತಯಾರಿಸಿದ, ಸಿಲಿಂಡರಿಗೆ ತುಂಬಿಸಿದ, ಹಡಗಿನಲ್ಲಿ ತಂದ ಅನಿಲವನ್ನು ಮನುಷ್ಯರೇ ಮರೆತು ಬಿಟ್ಟದ್ದರಿಂದ. ಕಬ್ಬಿಣ ತುಕ್ಕು ಹಿಡಿಯುತ್ತದೆ, ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ಭಾರವಿದ್ದು ನೆಲಮಟ್ಟದಲ್ಲೇ ಹರಿಯುತ್ತದೆ ಎಂಬುದು ತಿಳಿದಿದ್ದ ವಿಷಯ.

ಮೂರನೆಯ ಆಕ್ಷೇಪ ನನ್ನ ಪರವಾಗಿರುವಂತೆ ಕಾಣುತ್ತದೆ, ಆದ್ದರಿಂದ ಅದನ್ನು ಹೆಚ್ಚು ಬಿಗಿಯಾಗಿ ತಡೆಯಬೇಕು. ಜಗತ್ತಿನಲ್ಲಿ ಎಲ್ಲವೂ ಕೆಮಿಕಲ್ಲೇ, ಉಪ್ಪೂ ಕೆಮಿಕಲ್, ನೀರೂ ಕೆಮಿಕಲ್, ಹಾಗಾಗಿ ಕಾರ್ಖಾನೆಗೆ ಹೆದರುವುದು ಮೌಢ್ಯ ಎನ್ನುವ ವಾದ ಅದು. ಇದು ಅದೇ ತಪ್ಪಿನ ಇನ್ನೊಂದು ಮುಖ. ಕ್ಲೋರಿನ್ ಅನಿಲ ಕೆಟ್ಟದ್ದು ಎಂಬುದರಿಂದ ಉಪ್ಪು ಕೆಟ್ಟದ್ದಾಗುವುದಿಲ್ಲವಾದರೆ, ಉಪ್ಪು ಒಳ್ಳೆಯದು ಎಂಬುದರಿಂದ ಕ್ಲೋರಿನ್ ಟ್ಯಾಂಕ್ ಒಳ್ಳೆಯದೂ ಆಗುವುದಿಲ್ಲ. ಎರಡೂ ವಾದಗಳು ಹೆಸರಿನಿಂದ ಹೆಸರಿಗೆ ಜಿಗಿಯುತ್ತವೆ. ರೂಪ, ಪ್ರಮಾಣ, ಪಾತ್ರೆ, ಪಕ್ಕದಲ್ಲಿರುವ ಜನ ಯಾವುದನ್ನೂ ಕೇಳುವುದಿಲ್ಲ. ನಮ್ಮ ಕಾನೂನು ಈ ವಿಷಯದಲ್ಲಿ ಈ ಎರಡೂ ಪಕ್ಷಗಳಿಗಿಂತ ಸ್ಪಷ್ಟವಾಗಿದೆ. ಭೋಪಾಲದ ಅನಿಲ ದುರಂತದ ನಂತರ ಬಂದ 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಕ್ಲೋರಿನ್ ಕೆಟ್ಟದ್ದೆಂದು ಹೇಳಿ ಸುಮ್ಮನಾಗುವುದಿಲ್ಲ. ದಾಸ್ತಾನು 10 ಟನ್ ತಲುಪಿದರೆ ಒಂದು ಬಗೆಯ ಹೊಣೆ, 25 ಟನ್ ತಲುಪಿದರೆ ಅದಕ್ಕಿಂತ ಬಿಗಿಯಾದ ಹೊಣೆ ಎಂದು ಎಣಿಸುತ್ತವೆ. ಅವಘಡವಾದರೆ ತೊಂದರೆಗೆ ಸಿಲುಕಬಹುದಾದ ಹೊರಗಿನ ಜನರಿಗೆ ಅಪಾಯ ಯಾವ ಬಗೆಯದು, ಆಗ ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಕಾರ್ಖಾನೆಯವರು ಮೊದಲೇ ತಿಳಿಸಬೇಕೆಂದೂ ಆ ನಿಯಮಗಳಲ್ಲಿದೆ. ಬೆಂಕಿ ಗುಣ ಎಲ್ಲಿಗೆ ಹೋಯಿತೆಂದು ಕೇಳಿದ ಆ ತಾಯಿ ಅದೇ ನೇರವಾದ ಧ್ವನಿಯಲ್ಲಿ ಕೇಳಬೇಕಾದ ಇನ್ನೂ ಕೆಲವು ಪ್ರಶ್ನೆಗಳಿವೆ: ನಮ್ಮ ಮನೆಯಿಂದ ಎರಡು ಕಿಲೊಮೀಟರಿನೊಳಗೆ ಯಾವ ವಸ್ತು ಯಾವ ರೂಪದಲ್ಲಿ ಎಷ್ಟು ಟನ್ ಇದೆ, ಅದನ್ನಿಟ್ಟ ಪಾತ್ರೆಯನ್ನು ಕಡೆಯ ಸಲ ಪರೀಕ್ಷಿಸಿದ್ದು ಯಾವಾಗ, ಸೈರನ್ ಕೂಗಿದರೆ ನಾವು ಮಹಡಿ ಹತ್ತಬೇಕೋ ಕೆಳಗೆ ಓಡಬೇಕೋ.